ಕುಬಸಕ್ಕೆ ಮೊದಲೇ ಬಿಗಿಯಾಯಿತೇ ಜಂಪರು? ಬೀರು ತೆಗೆಯಿರಿ, ಕತ್ತರಿ ಹಿಡಿಯಿರಿ

ನಿಮಗೆ ಈಗ ಮೂರು ಮುಗಿದು ನಾಲ್ಕರಲ್ಲಿ ಬಿದ್ದಿರಬೇಕು. ಹೊಟ್ಟೆ ಇನ್ನೂ ಕಾಣಿಸಿಕೊಂಡಿಲ್ಲ, ಓಣಿಯವರಿಗೂ ಸುದ್ದಿ ಮುಟ್ಟಿಲ್ಲ. ಆದರೆ ನಿಮ್ಮ ಜಂಪರಿಗೆ ಮಾತ್ರ ಎಲ್ಲರಿಗಿಂತ ಮೊದಲೇ ಗೊತ್ತಾಗಿಬಿಟ್ಟಿದೆ! ಮೇಲಿನ ಎರಡು ಹುಕ್ ಕೂಡುತ್ತಿಲ್ಲ, ತೋಳು ಕಚ್ಚಿ ಹಿಡಿದಿದೆ. ಹುಕ್ ಕೂಡದ ಕಡೆ ಒಂದು ಪಿನ್ನು ಚುಚ್ಚಿ, ಮೇಲೆ ಸೆರಗು ಎಳೆದುಕೊಂಡು ದಿನ ದೂಡುತ್ತಿದ್ದೀರಿ. ಹೌದಲ್ವಾ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸ ಮಾತೇನಲ್ಲ. ಬಸುರಿಯರಿಗೆಂದೇ ಹೊಲಿದ ಬಟ್ಟೆ ಬೇಕೆಂದರೆ ಕಲಬುರಗಿಯ ದೊಡ್ಡ ಅಂಗಡಿಗೇ ಹೋಗಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ನಮಗೆ ಪುಕ್ಕಟೆ ಆಗಿದೆ ನಿಜ, ಆದರೆ ಅಂಗಡಿಯವನೇನೂ ಪುಕ್ಕಟೆ ಕೊಡುವುದಿಲ್ಲವಲ್ಲ. ನಾಲ್ಕು ತಿಂಗಳು ಉಟ್ಟು ಮಡಿಚಿಡುವ ಬಟ್ಟೆಗೆ ಸಾವಿರಗಟ್ಟಲೆ ಸುರಿಯಲು ಯಾರಿಗೆ ಮನಸ್ಸು ಬಂದೀತು? ಅದಕ್ಕೇ ನಾವು ಸುಮ್ಮನಿದ್ದುಬಿಡುತ್ತೇವೆ. ಬಿಗಿ ಜಂಪರಿನಲ್ಲೇ ರೊಟ್ಟಿ ಬಡಿಯುತ್ತೇವೆ, ಬಿಗಿ ಲಾಡಿಯಲ್ಲೇ ತೊಗರಿ ರಾಶಿಗೆ ಹೋಗುತ್ತೇವೆ.

ನಾನೂ ಹಾಗೇ ಸುಮ್ಮನಿದ್ದವಳು. ಮೊದಲನೇ ಬಸುರಿನಲ್ಲಿ ಆರು ತಿಂಗಳಾಗಿದ್ದಾಗ ತಪಾಸಣೆಗೆ ಹೋಗಿದ್ದೆ. ಬಿ.ಪಿ. ನೋಡಲು ಪಟ್ಟಿ ಸುತ್ತಬೇಕು, ಜಂಪರಿನ ತೋಳು ಮೇಲಕ್ಕೆ ಹೋಗಲೊಲ್ಲದು. ಎಳೆದೆಳೆದು ಹೇಗೋ ಸುರುಳಿ ಮಾಡಿ ಮೇಲೇರಿಸಿದರೆ ಅದು ಹಗ್ಗದ ಹಾಗೆ ತೋಳನ್ನು ಬಿಗಿಯಿತು. ಸಿಸ್ಟರ್ ನೋಡಿ, "ಹಿಂಗ ಬಿಗದಿದ್ರ ಬಿ.ಪಿ. ಖರೇ ತೋರ್ಸಂಗಿಲ್ಲ ನೋಡವಾ, ಜಂಪರ್ ಬಿಚ್ಚು" ಅಂದರು. ಕೋಣೆಯಲ್ಲಿ ಪರದೆ ಇರಲಿಲ್ಲ, ಬಾಗಿಲಲ್ಲಿ ಹತ್ತು ಮಂದಿ ನಿಂತಿದ್ದರು. ನಾಚಿಕೊಂಡು, "ಮುಂದಿನ ಸಲ ನೋಡ್ರಿ ಸಿಸ್ಟರ್" ಎಂದು ಎದ್ದು ಬಂದುಬಿಟ್ಟೆ. ಮನೆಗೆ ಬಂದ ಮೇಲೆ ಅವ್ವ ಬೈದಳು, ಮಾರನೇ ದಿನ ತಾನೇ ಕೈಹಿಡಿದು ವಾಪಸ್ ಕರೆದೊಯ್ದಳು. ಪುಣ್ಯಕ್ಕೆ ಎಲ್ಲ ಸರಿಯಾಗೇ ಇತ್ತು. ಆದರೆ ಬಸುರಿನಲ್ಲಿ ಬಿ.ಪಿ. ಏರುವುದು ತಾಯಿ-ಕೂಸು ಇಬ್ಬರ ಜೀವಕ್ಕೂ ಎರವಾಗಬಹುದಾದ ಸಂಗತಿ. ಎಷ್ಟೋ ಸಲ ಮೈಗೆ ಏನೂ ಗೊತ್ತಾಗದೆ ಏರುವ ಅದನ್ನು ಹಿಡಿಯಲು ಇರುವ ದಾರಿ ಆ ಪಟ್ಟಿಯೊಂದೇ. ಅಂಥದ್ದನ್ನು ನಾನು ಒಂದು ಜಂಪರಿನ ತೋಳಿಗಾಗಿ ಬಿಟ್ಟು ಬಂದಿದ್ದೆ.

ಹಾಗಾಗಿ ಇಲ್ಲಿ ಹೇಳುತ್ತಿರುವುದು ಚೆಂದ ಕಾಣುವ ಉಪಾಯವಲ್ಲ. ನಿಮ್ಮ ಬಟ್ಟೆಯಲ್ಲಿ ಕೂಸಿಗೆ ಜಾಗ ಇರಬೇಕು, ಸಿಸ್ಟರ್ ಕೈಗೆ ಜಾಗ ಇರಬೇಕು, ಹೆರಿಗೆಯಾದ ಮೇಲೆ ಹಾಲು ಕುಡಿಸಲೂ ಅದೇ ಬಟ್ಟೆ ಒದಗಬೇಕು. ಇಷ್ಟನ್ನೂ ಮನೆಯಲ್ಲಿ ಇದ್ದುದರಲ್ಲೇ ಮಾಡಬಹುದು. ಒಂದು ರೀಲು ದಾರ, ಒಂದು ಮೀಟರ್ ಅಗಲದ ಇಲಾಸ್ಟಿಕ್, ಒಂದು ಪಾಕೀಟು ಹುಕ್ಕು, ಇಷ್ಟೇ ಖರ್ಚು.

ಆಯಿಯ ಗಂಟು ಕುಬಸ

ನಮ್ಮ ಕಡೆ ಸೀಮಂತಕ್ಕೆ ಏನನ್ನುತ್ತೇವೆ? ಕುಬಸ. ಕುಬಸ ಎಂದರೆ ಜಂಪರೇ. ಐದರಲ್ಲೋ ಏಳರಲ್ಲೋ ತವರಿನವರು ಬುತ್ತಿ ಕಟ್ಟಿಕೊಂಡು ಬಂದು, ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ಇಟ್ಟು ಉಡಿ ತುಂಬುತ್ತಾರೆ. ಇಡೀ ಕಾರ್ಯಕ್ಕೇ ಜಂಪರಿನ ಹೆಸರು ಇಟ್ಟಿದ್ದಾರೆ ಎಂದರೆ, ಬಸುರಿಗೆ ಮೊದಲು ಬೇಕಾಗುವುದು ಹೊಸ ಅಳತೆಯ ಜಂಪರು ಎಂದು ಹಿರಿಯರಿಗೆ ಗೊತ್ತಿದ್ದಿರಬೇಕು ಅಂತ ನನಗನ್ನಿಸುತ್ತದೆ.

ಆಯಿ ತೊಡುತ್ತಿದ್ದ ಗುಳೇದಗುಡ್ಡ ಖಣದ ಕುಬಸ ನೆನಪಿದೆಯೇ? ಅದಕ್ಕೆ ಹುಕ್ಕಿಲ್ಲ, ಗುಂಡಿಯಿಲ್ಲ. ಎರಡು ತುದಿ ಮುಂದೆ ತಂದು ಗಂಟು ಹಾಕಿದರೆ ಮುಗಿಯಿತು. ಮೈ ತುಂಬಿದರೆ ಗಂಟು ಸಡಿಲ, ಮೈ ಇಳಿದರೆ ಗಂಟು ಬಿಗಿ, ಕೂಸು ಅತ್ತರೆ ಗಂಟು ಬಿಚ್ಚಿದರಾಯಿತು. ತಾಂಡಾದ ಲಂಬಾಣಿ ಅಕ್ಕಂದಿರ ಕಾಂಚಳಿಗೂ ಬೆನ್ನ ಹಿಂದೆ ದಾರವೇ. ಬಸುರಿಯ ಬಟ್ಟೆ ಎಂದು ಬೇರೆ ಹೊಲಿಸುವ ಗೋಜೇ ಅವರಿಗಿರಲಿಲ್ಲ. ಮೈಗೆ ಅಂಟುವಂಥ ಫಿಟಿಂಗ್ ಬ್ಲೌಸು ಬಂದ ಮೇಲೆ ಶುರುವಾಗಿದ್ದು ನಮ್ಮ ಈ ಪಡಿಪಾಟಲು.

ಈಗೇನು ಎಲ್ಲರೂ ಗಂಟು ಕುಬಸಕ್ಕೆ ವಾಪಸ್ ಹೋಗಿ ಅಂತ ನಾನು ಹೇಳುತ್ತಿಲ್ಲ. ಇರುವ ಜಂಪರನ್ನೇ ಬಿಡಿಸೋಣ.

ಜಂಪರು: ಬಗಲಿನಿಂದ ತೋಳಿನವರೆಗೆ ಒಂದೇ ಪಟ್ಟಿ

ಮೊದಲು ಜಂಪರನ್ನು ಒಳಮಗ್ಗುಲು ತಿರುವಿ ನೋಡಿ. ಟೈಲರ್ ಕೈಯಲ್ಲಿ ಹೊಲಿಸಿದ್ದಾದರೆ ಬಗಲಲ್ಲಿ ಎರಡು ಅಥವಾ ಮೂರು ಸಾಲು ಹೊಲಿಗೆ, ಆಚೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ಒಳಗಿನ ಸಾಲು ಬಿಚ್ಚಿದರೆ ಪ್ರತಿ ಮಗ್ಗುಲಿಗೆ ಅರ್ಧ ಇಂಚು ಸರಿದರೂ ಮುಂದೆ-ಹಿಂದೆ ಸೇರಿ ಒಟ್ಟು ಎರಡು ಇಂಚು ಸಿಕ್ಕಿತು. ನಾಲ್ಕನೇ, ಐದನೇ ತಿಂಗಳಿಗೆ ಇಷ್ಟು ಸಾಕು. ಬಿಚ್ಚುವ ಕೆಲಸ ಬ್ಲೇಡಿನಿಂದ ಬೇಡ, ಸಣ್ಣ ಕತ್ತರಿಯ ತುದಿಯಿಂದ ನಾಲ್ಕೈದು ಟಾಕಿಗೊಂದರಂತೆ ಕತ್ತರಿಸಿ ಆಮೇಲೆ ದಾರ ಎಳೆದರೆ ಬಟ್ಟೆ ಹರಿಯುವುದಿಲ್ಲ.

ಆದರೆ ಎದೆಯ ಅಳತೆ ಬಸುರು ಮುಗಿಯುವಷ್ಟರಲ್ಲಿ ಮೂರು-ನಾಲ್ಕು ಇಂಚು ಏರಬಹುದು. ಹೆರಿಗೆಯಾದ ಎರಡು ಮೂರು ದಿನಕ್ಕೆ ಹಾಲು ಕಟ್ಟಿದಾಗ ಇನ್ನೂ ಬಿಗಿಯುತ್ತದೆ. ಆಗ ಒಳಗಿನ ಬಟ್ಟೆ ಸಾಲುವುದಿಲ್ಲ, ಪಟ್ಟಿ ಕೂಡಿಸಲೇಬೇಕು.

ಬಹಳಷ್ಟು ಜಂಪರುಗಳಲ್ಲಿ ಬಗಲಿನ ಹೊಲಿಗೆ ಮತ್ತು ತೋಳಿನ ಕೆಳಗಿನ ಹೊಲಿಗೆ ಒಂದೇ ಗೆರೆಯಲ್ಲಿ ಸಾಗಿರುತ್ತದೆ. ಸೊಂಟದ ಅಂಚಿನಿಂದ ಹಿಡಿದು ಬಗಲು ದಾಟಿ ತೋಳಿನ ತುದಿಯವರೆಗೆ ಆ ಗೆರೆಯನ್ನು ಪೂರ್ತಿ ಬಿಚ್ಚಿ. ತೋಳನ್ನು ಬೇರೆಯಾಗಿ ಸುತ್ತ ಕೂಡಿಸಿದ್ದರೆ ಬಗಲ ಹತ್ತಿರ ಒಂದೆರಡು ಇಂಚು ಆ ಹೊಲಿಗೆಯನ್ನೂ ಬಿಡಿಸಬೇಕಾಗುತ್ತದೆ. ಬಿಚ್ಚಿದ ಉದ್ದವನ್ನು ಟೇಪಿನಿಂದ ಅಳೆದು ಒಂದು ಇಂಚು ಹೆಚ್ಚಿಗೆ ಸೇರಿಸಿ, ಮೂರು ಇಂಚು ಅಗಲದ ಎರಡು ಪಟ್ಟಿ ಕತ್ತರಿಸಿ. ಬಗಲಲ್ಲಿ ಬೆವರುವುದರಿಂದ ಪಟ್ಟಿ ಹತ್ತಿಯದೇ ಆಗಿರಲಿ. ಬಣ್ಣ ಕೂಡದಿದ್ದರೂ ಚಿಂತೆಯಿಲ್ಲ, ಬಗಲು ಯಾರಿಗೆ ಕಾಣುತ್ತದೆ? ಉಡಿ ತುಂಬಿಸಿಕೊಂಡು ಬಂದ ಜಂಪರ್ ಪೀಸುಗಳು ಟ್ರಂಕಿನಲ್ಲಿ ಗಂಟು ಕಟ್ಟಿ ಕೂತಿರುತ್ತವಲ್ಲ, ಅವಕ್ಕೆ ಈಗ ಕಾಲ ಬಂತು ಅನ್ನಿ.

ಪಟ್ಟಿಯ ಎರಡೂ ಬದಿ ಅರ್ಧ ಅರ್ಧ ಇಂಚು ಹೊಲಿಗೆಗೆ ಹೋದರೆ ಉಳಿಯುವುದು ಎರಡು ಇಂಚು. ಎರಡು ಮಗ್ಗುಲು ಸೇರಿ ನಾಲ್ಕು ಇಂಚು ಎದೆಗೆ ಸಿಕ್ಕಿತು, ತೋಳಿಗೂ ಎರಡೆರಡು ಇಂಚು ಸಿಕ್ಕಿತು. ಈ ತೋಳಿನ ಎರಡು ಇಂಚೇ ನನಗೆ ಮುಖ್ಯ. ಇನ್ನು ಬಿ.ಪಿ. ಪಟ್ಟಿಗೆ ತೋಳು ಸಲೀಸಾಗಿ ಮೇಲೇರುತ್ತದೆ. ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಟ್ಟುಕೊಂಡು ಕೈ ಮೇಲೆತ್ತಿ ನೋಡಿ, ಸರಿ ಅನ್ನಿಸಿದ ಮೇಲೆ ಗಟ್ಟಿ ಹೊಲಿಗೆ. ಹೆರಿಗೆಯಾಗಿ ಮೈ ಇಳಿದ ಮೇಲೆ ಪಟ್ಟಿ ಬಿಚ್ಚಿ ಹಳೆಯ ಗೆರೆಯಲ್ಲೇ ಮತ್ತೆ ಹೊಲಿದರೆ ಜಂಪರು ಮೊದಲಿನಂತೆ.

ಬೆನ್ನ ಹಿಂದೆ ಹುಕ್ ಇರುವ ಜಂಪರುಗಳನ್ನು ಮಾತ್ರ ಈ ಉಸಾಬರಿಗೆ ತೆಗೆದುಕೊಳ್ಳಬೇಡಿ. ಅಷ್ಟೆಲ್ಲ ಹೊಲಿದು, ಆಮೇಲೆ ಕೂಸಿಗೆ ಹಾಲು ಕುಡಿಸಲು ಆಗದಿದ್ದರೆ ಏನು ಪ್ರಯೋಜನ? ಮುಂದೆ ಹುಕ್ ಇರುವ ಮೂರು ಜಂಪರು ಸರಿಪಡಿಸಿಕೊಂಡರೆ ಸಾಕು.

ಲಾಡಿಯ ಮಾತು

ಸೀರೆ ಬಸುರಿಗೆ ಒಳ್ಳೆಯ ಉಡುಗೆ. ಅದಕ್ಕೆ ಅಳತೆಯೇ ಇಲ್ಲ, ಹೊಟ್ಟೆ ಬೆಳೆದ ಹಾಗೆ ನೆರಿಗೆ ಕಡಿಮೆ ಮಾಡಿದರಾಯಿತು. ತೊಂದರೆ ಕೊಡುವುದು ಒಳಗಿನ ಲಂಗದ ಲಾಡಿ. ಸೀರೆಯ ಭಾರ ತಡೆಯಲೆಂದು ನಾವು ಅದನ್ನು ಎಷ್ಟು ಬಿಗಿಯುತ್ತೇವೆ ಎಂದರೆ ಸಂಜೆ ಬಿಚ್ಚಿದಾಗ ಸೊಂಟದಲ್ಲಿ ಕಪ್ಪು ಗೆರೆ. ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ವೈದ್ಯರು 2024ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ದಶಕಗಟ್ಟಲೆ ಲಾಡಿ ಉಜ್ಜಿದ ಜಾಗದಲ್ಲೇ ಮಾಗದ ಹುಣ್ಣಾಗಿ ಅದು ಚರ್ಮದ ಕ್ಯಾನ್ಸರ್ ಆಗಿದ್ದ ಇಬ್ಬರು ವಯಸ್ಸಾದ ಮಹಿಳೆಯರ ವಿಷಯವಿದೆ. ಹೆದರಿಸಲು ಹೇಳುತ್ತಿಲ್ಲ, ಅದು ಒಂದು ಬಸುರಿನಲ್ಲಿ ಆಗುವಂಥದ್ದಲ್ಲ. ಆದರೆ ಕಲಬುರಗಿ ಸೀಮೆಯ ಬಿಸಿಲು ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಆ ಬೆವರಿನಲ್ಲಿ ಹಿಗ್ಗಿದ ಚರ್ಮದ ಮೇಲೆ ತೆಳು ಹುರಿ ಉಜ್ಜಿದರೆ ತುರಿಕೆ, ಗಾಯ ಆಗದೇ ಇರುತ್ತದೆಯೇ?

ಲಂಗದ ಮೇಲಿನ ಪಟ್ಟಿಯನ್ನು ಲಾಡಿ ಸಮೇತ ಕತ್ತರಿಸಿ ತೆಗೆಯಿರಿ. ಕಲಿ ಕಲಿಯಾಗಿ ಕತ್ತರಿಸಿ ಹೊಲಿದ ಲಂಗ ಮೇಲೆ ಕಿರಿದು, ಕೆಳಗೆ ಅಗಲ. ಆದ್ದರಿಂದ ಮೇಲಿನಿಂದ ಇನ್ನೂ ಮೂರು ಇಂಚು ಕತ್ತರಿಸಿಬಿಟ್ಟರೆ ಬಾಯಿ ತಾನೇ ಅಗಲವಾಗುತ್ತದೆ. ಹಳೆ ಧೋತರದ ಏಳು ಇಂಚು ಅಗಲದ ತುಂಡನ್ನು ಎರಡು ಮಡಿಕೆ ಮಾಡಿ ಅಲ್ಲಿಗೆ ಕೂಡಿಸಿ, ಮೂರು ಇಂಚಿನ ಮೆತ್ತನೆ ಪಟ್ಟಿ ಬರುತ್ತದೆ. ಹುರಿಯ ಬದಲು ಅದೇ ಧೋತರದಿಂದ ಒಂದೂವರೆ ಇಂಚು ಅಗಲದ ಚಪ್ಪಟೆ ಲಾಡಿ ಹೊಲಿದು ಪೋಣಿಸಿ. ಗಂಟು ಮುಂದೆ ಬೇಡ, ಮಗ್ಗುಲಿಗೆ ಬರಲಿ. ಹೊಟ್ಟೆಯ ಮೇಲೆ ಕಟ್ಟದೆ ಹೊಟ್ಟೆಯ ಕೆಳಗೆ ಕಟ್ಟಿ. ಎಳೆದರೆ ತಟ್ಟನೆ ಬಿಚ್ಚುವ ಜಾರುಗಂಟಾದರೆ ಇನ್ನೂ ಒಳ್ಳೆಯದು, ಕೂಸಿನ ಎದೆಬಡಿತ ಕೇಳಲು ಮೇಜಿನ ಮೇಲೆ ಮಲಗಿಸಿದಾಗ ಸಿಸ್ಟರ್ ಕಾಯಬೇಕಾಗುವುದಿಲ್ಲ.

ಪಂಜಾಬಿ ಡ್ರೆಸ್ಸಿನವರಿಗೆ ಇನ್ನೂ ಸುಲಭದ ದಾರಿ ಇದೆ. ಗಂಡನ ಹಳೆ ಬನಿಯನ್ನನ್ನು ಬಗಲಿನ ಕೆಳಗೆ ಅಡ್ಡ ಕತ್ತರಿಸಿದರೆ ಹಿಗ್ಗುವ ಬಟ್ಟೆಯ ಒಂದು ಚೀಲ ಸಿಗುತ್ತದೆ, ಎರಡೂ ಕಡೆ ಬಾಯಿ. ಅದನ್ನು ಎರಡು ಮಡಿಕೆ ಮಾಡಿ, ಸಲ್ವಾರಿನ ಲಾಡಿಪಟ್ಟಿ ಕತ್ತರಿಸಿದ ಜಾಗಕ್ಕೆ ಸ್ವಲ್ಪ ಹಿಗ್ಗಿಸುತ್ತಾ ಹೊಲಿಯಿರಿ. ಸಲ್ವಾರಿನ ಬಾಯಿ ಬನಿಯನ್ನಿಗಿಂತ ಬಹಳ ಅಗಲವಿದ್ದರೆ ಮೊದಲು ಅಲ್ಲಲ್ಲಿ ನೆರಿಗೆ ಹಿಡಿದು ಅಳತೆಗೆ ತಂದುಕೊಳ್ಳಿ. ಮೇಲಿನ ಮಡಿಕೆಯೊಳಗೆ ಒಂದು ಇಂಚಿನ ಇಲಾಸ್ಟಿಕ್ ಸಡಿಲವಾಗಿ ಪೋಣಿಸಿದರೆ ಜಾರುವುದಿಲ್ಲ. ಈ ಪಟ್ಟಿ ಹೊಟ್ಟೆಯನ್ನು ಮೆತ್ತಗೆ ಹಿಡಿದು ಕೂರುತ್ತದೆ. ನೆನಪಿರಲಿ, ಇದು ಸಲ್ವಾರು, ಪೈಜಾಮಕ್ಕೆ ಮಾತ್ರ. ಸೀರೆಯ ಭಾರವನ್ನು ಬನಿಯನ್ ಬಟ್ಟೆ ತಡೆಯಲಾರದು. ನಾನು ಮಾಡಿ ನೋಡಿದ್ದೇನೆ, ಬಸ್ ಸ್ಟ್ಯಾಂಡಿನಲ್ಲಿ ನೆರಿಗೆ ಹಿಡಿದುಕೊಂಡೇ ನಿಲ್ಲಬೇಕಾಯಿತು!

ಇನ್ನು ಟಾಪು. ಎರಡೂ ಮಗ್ಗುಲ ಹೊಲಿಗೆ ಬಗಲಿನಿಂದ ಕೆಳಗಿನವರೆಗೆ ಬಿಚ್ಚಿ, ಮೇಲೆ ಒಂದು ಇಂಚು, ಕೆಳಗೆ ಎಂಟು-ಹತ್ತು ಇಂಚು ಇರುವಂತೆ ಹಳೆ ಓಢಣಿಯಿಂದ ಮುಕ್ಕೋನದ ತುಂಡು ಕತ್ತರಿಸಿ ಕೂಡಿಸಿ. ಹೊಸದಾಗಿಯೇ ಹೊಲಿಯುವುದಾದರೆ ಒಂದು ಕಿವಿಮಾತು: ಮುಂಭಾಗವನ್ನು ಹಿಂಭಾಗಕ್ಕಿಂತ ಎರಡು ಮೂರು ಇಂಚು ಉದ್ದ ಕತ್ತರಿಸಿ. ಹೊಟ್ಟೆ ಬಂದ ಮೇಲೆ ಮುಂದಿನ ಅಂಚು ಮೇಲಕ್ಕೆದ್ದು ಅಸಹ್ಯ ಕಾಣುವುದು ಆಗ ತಪ್ಪುತ್ತದೆ.

ಗಂಡನ ಅಂಗಿ

ಹೊಲದ ಕೆಲಸಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡನ ಹಳೆ ಅಂಗಿ ತೊಡುವುದು ನಮ್ಮಲ್ಲಿ ಇದ್ದದ್ದೇ. ತೊಗರಿ ಕೊಯ್ಲಿಗೆ, ಕಬ್ಬಿನ ಹೊಲಕ್ಕೆ ಆ ತೋಳು ಬೇಕೇ ಬೇಕು. ಅದೇ ಅಂಗಿ ಮನೆಯೊಳಗೂ ಬರಲಿ. 40 ಅಥವಾ 42 ಸೈಜಿನ ಹತ್ತಿ ಅಂಗಿ ಎಂಟು ತಿಂಗಳ ಹೊಟ್ಟೆಗೂ ಸಾಲುತ್ತದೆ, ಮುಂದೆ ಗುಂಡಿಗಳಿರುವುದರಿಂದ ಹಾಲು ಕುಡಿಸಲೂ ಅನುಕೂಲ. ಕಾಲರನ್ನು ಬಿಚ್ಚಿ ಕೆಳಗಿನ ಪಟ್ಟಿ ಮಾತ್ರ ಉಳಿಸಿ, ತೋಳನ್ನು ಮೊಳಕೈವರೆಗೆ ಕತ್ತರಿಸಿ, ಕತ್ತರಿಸಿದ ತೋಳಿನಿಂದ ಎರಡು ದೊಡ್ಡ ಕಿಸೆ ಹೊಲಿಯಿರಿ. ತಾಯಿ ಕಾರ್ಡು, ಫೋನು, ಹುರಿದ ಶೇಂಗಾ ಎಲ್ಲ ಅದರಲ್ಲಿ. ತೊಡೆಯ ಹತ್ತಿರ ಬಿಗಿದರೆ ಕೆಳಗಿನಿಂದ ಎಂಟು ಇಂಚು ಮಗ್ಗುಲ ಹೊಲಿಗೆ ಬಿಚ್ಚಿದರಾಯಿತು. ಯಜಮಾನರು ತಕರಾರು ತೆಗೆದರೆ, ಅಂಗಿಗೆ ಲೆಕ್ಕ ಹಾಕುತ್ತೀರೋ ಕೂಸಿಗೋ ಅಂತ ಕೇಳಿ ನೋಡಿ.

ಹಳೆ ಸೀರೆಯ ನೈಟಿ

ಹತ್ತಿ ಸೀರೆ ಐದೂವರೆ ಮೀಟರು ಇರುತ್ತದೆ. ನೈಟಿಗೆ ಬೇಕಾಗುವುದು ಹೆಚ್ಚೆಂದರೆ ಮೂರೂಕಾಲು ಮೀಟರು. ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಜಾಳುಜಾಳಾದ ಕಡೆ ಬಿಟ್ಟು ಗಟ್ಟಿ ಇರುವಲ್ಲಿ ಕತ್ತರಿಸಿ. ಎರಡು ಕೈಯಲ್ಲಿ ಜಗ್ಗಿದರೆ ಪರ್ ಎಂದು ಹರಿಯುವಂತಿದ್ದರೆ ಅದು ಕೌದಿಗೆ ಹೋಗಲಿ. ಪಾಲಿಸ್ಟರ್, ನೈಲಾನ್ ಸೀರೆ ಮುಟ್ಟಬೇಡಿ. ಬೆವರು ಹೀರುವುದಿಲ್ಲ, ಒಲೆಯ ಮುಂದೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ.

ನಿಮಗೆ ಸರಿಹೊಂದುವ ಹಳೆಯ ನೈಟಿಯೊಂದನ್ನು ಮೇಲಿಟ್ಟು ಗುರುತು ಮಾಡಿಕೊಂಡರೆ ಅಳತೆಯ ತಲೆನೋವಿಲ್ಲ. ಎದೆಯ ಕೆಳಗಿನಿಂದ ನೆರಿಗೆ ಹಿಡಿಯಿರಿ, ಸೊಂಟಕ್ಕೆ ಹಿಡಿಯಬೇಡಿ. ಮುಂದೆ ಎದೆಯ ಎರಡೂ ಬದಿ ಉದ್ದುದ್ದ ಎಂಟು ಇಂಚು ಸೀಳಿ, ಒಂದೊಂದು ಜಿಪ್ ಕೂಡಿಸಿ. ಜಿಪ್ ಪ್ಲಾಸ್ಟಿಕ್ಕಿನದಿರಲಿ, ಲೋಹದ್ದು ಕೂಸಿನ ಕೆನ್ನೆ ಗೀರುತ್ತದೆ. ಜಿಪ್ ಹಾಕುವುದು ಬರುವುದಿಲ್ಲವೇ? ನಡುವೆ ಹತ್ತು ಇಂಚು ಸೀಳಿ, ಪಟ್ಟಿ ಕೊಟ್ಟು ಟಿಚ್ ಬಟನ್ ಹಾಕಿ. ಕೆಲಸ ಅಷ್ಟೇ ಆಗುತ್ತದೆ. ಉಳಿದ ಎರಡು ಮೀಟರನ್ನು ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ, ಕೂಸಿನ ಲಂಗೋಟಿಗೆ ಎತ್ತಿಡಿ.

ಮಷೀನ್ ಇಲ್ಲದವರು ಸುಮ್ಮನೆ ಕೂರಬೇಕಿಲ್ಲ. ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಚುಚ್ಚಿ ಎರಡು ಹೆಜ್ಜೆ ಮುಂದೆ ತೆಗೆಯುತ್ತ ಹೋದರೆ ಕೈಹೊಲಿಗೆಯೂ ಮಷೀನಿನಷ್ಟೇ ಗಟ್ಟಿ. ಕೌದಿ ಹೊಲಿದ ಕೈ ನಿಮ್ಮ ಅತ್ತೆಯದೋ ಅವ್ವನದೋ ಮನೆಯಲ್ಲಿ ಇದ್ದೇ ಇರುತ್ತದಲ್ಲ, ಸಂಕೋಚ ಬಿಟ್ಟು ಕೇಳಿ. ಮಷೀನ್ ಇದ್ದವರು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮ ತುಳಿಯಬೇಡಿ, ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿ ಬನ್ನಿ. ಬಸುರಿ ಗ್ರಹಣದ ದಿನ ಸೂಜಿ-ಕತ್ತರಿ ಮುಟ್ಟಬಾರದು ಅನ್ನುತ್ತಾರೆ. ಸೂಜಿ ಹಿಡಿದರೆ ಕೂಸಿಗೇನೂ ಆಗುವುದಿಲ್ಲ, ಆದರೆ ಅಷ್ಟಕ್ಕಾಗಿ ಅತ್ತೆಯ ಜೊತೆ ಜಗಳ ಯಾಕೆ, ಆ ಒಂದು ದಿನ ಕೈಗೆ ರಜೆ ಕೊಡಿ.

ಬಿಗಿಯಾದದ್ದೆಲ್ಲ ಹೊಲಿಗೆಯ ತಪ್ಪಲ್ಲ

ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿ. ಬಟ್ಟೆ ಬಿಗಿಯಾಗುವುದು ತಿಂಗಳುಗಟ್ಟಲೆ ಮೆಲ್ಲಗೆ ನಡೆಯಬೇಕಾದ ಕೆಲಸ. ಐದು ತಿಂಗಳು ದಾಟಿದ ಮೇಲೆ ನಾಲ್ಕೇ ದಿನದಲ್ಲಿ ಬಳೆ ಏರದಂತಾದರೆ, ಉಂಗುರ ಬರದಂತಾದರೆ, ಬೆಳಗ್ಗೆ ಎದ್ದಾಗ ಮುಖ ಬಾತಿದ್ದರೆ, ಜೊತೆಗೆ ತಲೆಸಿಡಿತವೋ ಕಣ್ಣು ಮಂಜಾಗುವುದೋ ಮೇಲುಹೊಟ್ಟೆ ನೋವೋ ಇದ್ದರೆ, ಹೊಲಿಗೆ ಬಿಚ್ಚುತ್ತಾ ಕೂರಬೇಡಿ. ಆವತ್ತೇ ಆಸ್ಪತ್ರೆಗೆ ಹೋಗಿ. ಬಿ.ಪಿ. ಏರಿರುವ ಗುರುತು ಅದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆಯ ವಿಶೇಷ ದಿನ, 2016ರಿಂದ ನಡೆದು ಬಂದಿದೆ. ಆದರೆ ಇಂಥ ಗುರುತು ಕಂಡಾಗ 9ನೇ ತಾರೀಖಿಗೆ ಕಾಯುವಂತಿಲ್ಲ.

ದುಡ್ಡಿನ ಮಾತೂ ಆಡಿಬಿಡೋಣ. ಮಾತೃವಂದನಾ ಯೋಜನೆಯಲ್ಲಿ ಅರ್ಹ ಮನೆಗಳ ಮೊದಲ ಹೆರಿಗೆಗೆ 5,000 ರೂಪಾಯಿ ಕಂತಿನಲ್ಲಿ ಬರುತ್ತದೆ, ಎರಡನೆಯದು ಹೆಣ್ಣು ಕೂಸಾದರೆ 6,000. ಅಂಗನವಾಡಿ ಅಕ್ಕನನ್ನು ಕೇಳಿದರೆ ಅರ್ಜಿ ತುಂಬಲು ನೆರವಾಗುತ್ತಾರೆ. ಆ ಹಣ ಹಾಲು, ಮೊಟ್ಟೆ, ಹಣ್ಣಿಗೆ ಇರಲಿ, ಬಟ್ಟೆ ಅಂಗಡಿಗೆ ಬೇಡ. ಕುಬಸಕ್ಕೆ ಬರುವ ತವರಿನವರಿಗೂ ಮೊದಲೇ ಬಾಯಿಬಿಟ್ಟು ಹೇಳಿ. ಶಾಸ್ತ್ರಕ್ಕೆ ಹಸಿರು ಸೀರೆ ಒಂದು ಸಾಕು. ಮೈಮೇಲೆ ಮುಳ್ಳಿನ ಹಾಗೆ ಚುಚ್ಚುವ ಜರಿಯ ಎರಡನೇ ಸೀರೆಯ ಬದಲು, ಮುಂದೆ ಹುಕ್ ಇರುವ ಎರಡು ಸಡಿಲ ಜಂಪರು ಹೊಲಿಸಿ ತರಲಿ. ಹೇಳಲು ನಾಚಿಕೆಯಾದರೆ ಈ ಪುಟ ಕತ್ತರಿಸಿ ತಂಗಿಯ ಕೈಯಲ್ಲಿ ಕೊಟ್ಟು ಕಳಿಸಿ!

ಎಂಟು ತುಂಬುತ್ತಿದ್ದಂತೆ ಹೆರಿಗೆಯ ಚೀಲ ಸಿದ್ಧವಾಗಲಿ. ಮುಂದೆ ತೆರೆಯುವ ನೈಟಿ ಮೂರು, ಅಗಲ ಪಟ್ಟಿಯ ಲಂಗ ಎರಡು, ಅಂಗಿ ಒಂದು, ಒಗೆದು ಬಿಸಿಲಿಗೆ ಒಣಗಿಸಿದ ಲಂಗೋಟಿ ಒಂದು ಡಜನ್, ಕೂಸನ್ನು ಸುತ್ತಲು ಮೆತ್ತನೆ ಸೀರೆಯ ತುಂಡು ನಾಲ್ಕು. ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕನ್ನು ಅಂಗಿಯ ಕಿಸೆಯಲ್ಲೇ ಇಟ್ಟು ಪಿನ್ನು ಹಾಕಿ. ಜಂಪರಿನಿಂದ ತೆಗೆದ ಪಿನ್ನುಗಳು ಇದ್ದಾವಲ್ಲ, ಅವೇ ಆದೀತು.